ಮೆದುಳು ನಮ್ಮ ತಾಲೂಕಿನದು, ಸ್ಕ್ಯಾನರ್ ಬೆಂಗಳೂರಿನದು: ಶ್ರೀನಿವಾಸಪುರ ಕೇಳಬೇಕಾದ್ದೇನು?

ಶ್ರೀನಿವಾಸಪುರ: ಬಸ್ ಸ್ಟ್ಯಾಂಡ್ ಹತ್ತಿರದ ಕಿರಾಣಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತ್ರೆ ತಾಲೂಕಿನ ಅರ್ಧ ಸುದ್ದಿ ಕಿವಿಗೆ ಬೀಳುತ್ತೆ. ಮೊನ್ನೆ ಹಾಗೇ ನಿಂತಿದ್ದಾಗ ಅಂಗಡಿಯವರು ಕೇಳಿದ್ರು, "ಅಲ್ಲ ಸಾರ್, ನಮ್ಮ ಹಳ್ಳಿ ಮುದುಕರ ತಲೆ ಸ್ಕ್ಯಾನ್ ಮಾಡ್ಕೊಂಡು ಬೆಂಗಳೂರಿನವರಿಗೆ ಏನು ಸಿಗುತ್ತೆ? ನಮಗೇನು ಸಿಗುತ್ತೆ ಅದನ್ನ ಹೇಳಿ ಮೊದಲು."

ವ್ಯಾಪಾರಸ್ಥರ ಪ್ರಶ್ನೆ. ಕೊಟ್ಟಿದ್ದೆಷ್ಟು, ಬಂದಿದ್ದೆಷ್ಟು ಅನ್ನೋ ಲೆಕ್ಕ. ಆದರೆ ಈ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಕೊಡೋಕೆ ಆಗಲ್ಲ. ಅದಕ್ಕೇ ಈ ಬರಹ.

ವಿಷಯ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಆಟೋದವರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯೋ ಜಾಗ, ಅಲ್ಲಿ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಅನ್ನೋ ಮೆದುಳು ಸಂಶೋಧನಾ ಕೇಂದ್ರ ಇದೆ. ಈ ಕೇಂದ್ರದವರು 2018ರಿಂದ ನಮ್ಮ ತಾಲೂಕಿನ ಹಳ್ಳಿಗಳಲ್ಲಿ ಒಂದು ದೊಡ್ಡ ಅಧ್ಯಯನ ನಡೆಸ್ತಿದ್ದಾರೆ. ಹೆಸರು ಸ್ಯಾನ್ಸ್‌ಕಾಗ್. ಆ ಹೆಸರಿನ ಮೊದಲ ಅಕ್ಷರವೇ ಶ್ರೀನಿವಾಸಪುರದ್ದು. 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹಿಂಬಾಲಿಸಿ ನೋಡೋದು ಅವರ ಗುರಿ. ರಕ್ತ ತಗೋತಾರೆ, ಬಿಪಿ, ಶುಗರ್ ನೋಡ್ತಾರೆ, ನೆನಪಿನ ಶಕ್ತಿಯ ಪರೀಕ್ಷೆ ಮಾಡ್ತಾರೆ, ವಂಶವಾಹಿ ಪರೀಕ್ಷೆ ಇದೆ, ಜೊತೆಗೆ ಮೆದುಳಿನ ಎಂಆರ್‌ಐ ಕೂಡ ಇದೆ. ಯಾರಿಗೆ ವಯಸ್ಸಾದ ಮೇಲೂ ಬುದ್ಧಿ ಚುರುಕಾಗಿರುತ್ತೆ, ಯಾರಿಗೆ ಮರೆವಿನ ಕಾಯಿಲೆ ಬರುತ್ತೆ, ಯಾಕೆ ಬರುತ್ತೆ ಅನ್ನೋದು ಮೂಲ ಪ್ರಶ್ನೆ.

ಇತ್ತ ಆ ಕ್ಯಾಂಪಸ್‌ನಲ್ಲಿ ಕಟ್ಟಡಗಳು ಬೆಳೀತಿವೆ. ಇನ್ಫೋಸಿಸ್ ಸಹ ಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಟ್ರಸ್ಟ್ ಕೊಟ್ಟ 225 ಕೋಟಿ ರೂಪಾಯಿ ದೇಣಿಗೆ ಈ ಮೆದುಳು ಕೇಂದ್ರದ ಬುನಾದಿ. ಅದರ ಹೊಸ ಕಟ್ಟಡವನ್ನು 2022ರ ಜೂನ್ 20ರಂದು ಪ್ರಧಾನಿ ಉದ್ಘಾಟಿಸಿದರು. ಅದೇ ದಿನ ಅದೇ ಕ್ಯಾಂಪಸ್‌ನಲ್ಲಿ 832 ಹಾಸಿಗೆಗಳ ಬಾಗ್ಚಿ-ಪಾರ್ಥಸಾರಥಿ ಆಸ್ಪತ್ರೆಗೆ ಶಂಕುಸ್ಥಾಪನೆಯೂ ಆಯ್ತು. ಮೈಂಡ್‌ಟ್ರೀ ಕಂಪನಿ ಕಟ್ಟಿದ ಎರಡು ಕುಟುಂಬಗಳು ಅದಕ್ಕೆ 425 ಕೋಟಿ ಕೊಟ್ಟಿವೆ. ಜೊತೆಗೆ ಸ್ನಾತಕೋತ್ತರ ವೈದ್ಯಕೀಯ ಶಾಲೆ. ಎಂಜಿನಿಯರ್, ವಿಜ್ಞಾನಿ, ಡಾಕ್ಟರ್ ಮೂವರೂ ಒಂದೇ ಕಾಂಪೌಂಡ್ ಒಳಗೆ ಕೂತು ಕೆಲಸ ಮಾಡ್ಬೇಕು ಅನ್ನೋದು ಯೋಚನೆ. ದೇಹದ ಒಳಗಿನ ಚಿತ್ರ ತೆಗೆಯೋ ತಂತ್ರಜ್ಞಾನಕ್ಕೆ ಇಂಥ ಜಾಗವೇ ಬೇಕು, ಯಾಕಂದ್ರೆ ಅದು ಅರ್ಧ ಭೌತಶಾಸ್ತ್ರ, ಅರ್ಧ ವೈದ್ಯಕೀಯ, ಉಳಿದಿದ್ದೆಲ್ಲ ಗಣಿತ.

ಮೂರು ಅರ್ಧ ಆಯ್ತಲ್ಲ ಅಂತ ಕೇಳ್ಬೇಡಿ. ಸ್ಕ್ಯಾನ್ ಅಂದ್ರೆ ಹಾಗೇ, ಎಲ್ಲಾ ವಿದ್ಯೆಯೂ ಸಾಲಲ್ಲ.

ಗಣಿತ ನಮ್ಮದು, ಮೆಷಿನ್ ಅವರದು

ಒಂದು ಹಳೇ ಕಥೆ ಇಲ್ಲಿ ಹೇಳಲೇಬೇಕು. ಸಿಟಿ ಸ್ಕ್ಯಾನ್‌ನಲ್ಲಿ ಎಕ್ಸ್‌ರೇ ಸುತ್ತಲೂ ತಿರುಗಿ ನೂರಾರು ಕೋನಗಳಿಂದ ನೆರಳು ಹಿಡಿಯುತ್ತೆ. ಆ ನೆರಳುಗಳನ್ನೆಲ್ಲ ಸೇರಿಸಿ ಒಳಗಿನ ಚಿತ್ರ ಕಟ್ಟೋದು ಲೆಕ್ಕದ ಕೆಲಸ. ಆ ಲೆಕ್ಕವನ್ನು ಸುಲಭ ಮಾಡಿದ ಒಂದು ಮುಖ್ಯ ವಿಧಾನ 1971ರಲ್ಲಿ ಪ್ರಕಟವಾಯ್ತು. ಬರೆದವರು ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್. ಇದೇ ರಾಮಚಂದ್ರನ್ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದವರು. ಅವರಿಬ್ಬರ ಹೆಸರು ಸೇರಿಸಿ 'ರಾಮ್-ಲ್ಯಾಕ್ ಫಿಲ್ಟರ್' ಅಂತ ಪ್ರಪಂಚದ ಎಲ್ಲಾ ಸಿಟಿ ಎಂಜಿನಿಯರ್‌ಗಳು ಇವತ್ತಿಗೂ ಓದ್ತಾರೆ.

ಅದೇ 1971ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆ ಸಿಟಿ ಸ್ಕ್ಯಾನ್ ಆಯ್ತು. ಮೆಷಿನ್ ಮಾಡಿದ್ದು ಇಎಂಐ ಕಂಪನಿ, ಗ್ರಾಮಫೋನ್ ಪ್ಲೇಟ್ ಮಾಡ್ತಿದ್ದ ಅದೇ ಇಎಂಐ. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಇಬ್ಬರಿಗೂ ನೊಬೆಲ್ ಬಂತು. ನಮ್ಮವರು ಗಣಿತ ಬರೆದರು, ಅವರು ಪೆಟ್ಟಿಗೆ ಮಾಡಿ ಮಾರಿದರು, ನಾವು ದುಡ್ಡು ಕೊಟ್ಟು ತಗೊಂಡ್ವಿ. ಮಾವಿನ ಹಣ್ಣು ನಾವು ಬೆಳೆದು, ಪಲ್ಪ್ ಇನ್ನೊಬ್ಬರು ಮಾಡಿ, ಜ್ಯೂಸ್ ಬಾಟ್ಲಿ ವಾಪಸ್ ನಮ್ಮ ಅಂಗಡಿಗೇ ಬರೋ ಹಾಗೆ. ಶ್ರೀನಿವಾಸಪುರದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಒಂದು ಸಂಶೋಧನಾ ಸಂಸ್ಥೆ ತನ್ನ ಕ್ಯಾಂಪಸ್‌ನಲ್ಲೇ ಸ್ಕ್ಯಾನರ್ ಇಟ್ಟು, ಆಸ್ಪತ್ರೆ ಕಟ್ಟಿ, ಎಂಜಿನಿಯರ್‌ಗಳನ್ನ ಪಕ್ಕದಲ್ಲಿ ಕೂರಿಸ್ತೀನಿ ಅಂದ್ರೆ ಅದನ್ನ ಸ್ವಾಗತ ಮಾಡ್ಲೇಬೇಕು. ಬರೀ ದೊಡ್ಡವರ ದೇಣಿಗೆಯ ಬೋರ್ಡ್ ಅಂತ ತಳ್ಳಿಹಾಕೋದು ಸರಿಯಲ್ಲ.

ನಮ್ಮ ತಲೆಗಳೇ ಯಾಕೆ ಬೇಕು?

ಮೆದುಳಿನ ಚಿತ್ರ ನೋಡಿ ಇದು ಸರಿ, ಇದು ಕುಗ್ಗಿದೆ ಅಂತ ಹೇಳೋಕೆ ಒಂದು ಅಳತೆಗೋಲು ಬೇಕು. ಪ್ರಪಂಚದಲ್ಲಿ ಬಹಳ ಕಡೆ ಬಳಸೋ ಅಳತೆಗೋಲು ಕೆನಡಾದ ಮಾಂಟ್ರಿಯಲ್‌ನಲ್ಲಿ 152 ಜನರ ಸ್ಕ್ಯಾನ್ ಸೇರಿಸಿ ಮಾಡಿದ ಸರಾಸರಿ ನಕ್ಷೆ. ಅವರ ಮೆದುಳಿನ ಅಳತೆಗೂ ನಮ್ಮದಕ್ಕೂ ವ್ಯತ್ಯಾಸ ಇದೆ. ಹೈದರಾಬಾದಿನ ಟ್ರಿಪಲ್ ಐಟಿಯವರು 2019ರಲ್ಲಿ 100 ಭಾರತೀಯರ ಸ್ಕ್ಯಾನ್ ಇಟ್ಟುಕೊಂಡು ನಕ್ಷೆ ಮಾಡಿದಾಗ, ನಮ್ಮ ಮೆದುಳು ಉದ್ದ, ಅಗಲ, ಗಾತ್ರದಲ್ಲಿ ಸರಾಸರಿ ಸ್ವಲ್ಪ ಚಿಕ್ಕದು ಅಂತ ಬಂತು. ಚಿಕ್ಕದು ಅಂದ್ರೆ ಬುದ್ಧಿ ಕಮ್ಮಿ ಅಂತ ಅಲ್ಲ, ಗಾಬರಿ ಬೇಡ. ಆದರೆ ಅವರ ಅಳತೆ ಇಟ್ಟುಕೊಂಡು ನಮ್ಮ ಮುದುಕರ ಮೆದುಳು ನೋಡಿದ್ರೆ, ಸರಿಯಾಗಿರೋದೂ ಕುಗ್ಗಿದ ಹಾಗೆ ಕಾಣಬಹುದು.

ಹಳ್ಳಿಯವರ ಸ್ಕ್ಯಾನ್ ಅಂತೂ ಇನ್ನೂ ಅಪರೂಪ. ಇಲ್ಲಿವರೆಗೆ ಪ್ರಪಂಚದ ಮೆದುಳು ಸಂಶೋಧನೆಯಲ್ಲಿ ಹೆಚ್ಚಾಗಿ ಇರೋದು ಓದಿದ, ಪಟ್ಟಣದ, ಶ್ರೀಮಂತ ದೇಶದ ಜನ. ಹೊಲದಲ್ಲಿ ಕೆಲಸ ಮಾಡಿ, ರಾಗಿ ಮುದ್ದೆ ತಿಂದು, ಶಾಲೆ ಮೆಟ್ಟಿಲು ಹತ್ತದೆ 70 ದಾಟಿದ ಅಜ್ಜಿ, ಮನೇಲಿ ತೆಲುಗು, ಸಂತೇಲಿ ಕನ್ನಡ ಮಾತಾಡೋ ಅಜ್ಜಿ, ಆ ಲೆಕ್ಕದಲ್ಲಿ ಇರಲೇ ಇಲ್ಲ. ಪೆನ್ಸಿಲ್ ಹಿಡಿದು ಗಡಿಯಾರದ ಚಿತ್ರ ಬರೀರಿ ಅಂತ ಕೇಳೋ ನೆನಪಿನ ಪರೀಕ್ಷೆ ಆ ಅಜ್ಜಿಗೆ ಕೊಟ್ರೆ ಫೇಲ್ ಆಗೋದು ಮೆದುಳಲ್ಲ, ಪರೀಕ್ಷೆ. ಇದಕ್ಕೇ ಶ್ರೀನಿವಾಸಪುರದ ಅಧ್ಯಯನಕ್ಕೆ ಬೆಲೆ ಇರೋದು.

ಬೆಲೆ ಎಷ್ಟಿದೆ ಅಂತ ತಿಳಿಯೋಕೆ ಇನ್ನೊಂದು ಅಂಕಿ ನೋಡಿ. 2023ರಲ್ಲಿ ಪ್ರಕಟವಾದ ಒಂದು ದೇಶವ್ಯಾಪಿ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇ 7.4 ಜನಕ್ಕೆ ಮರೆವಿನ ಕಾಯಿಲೆ, ಅಂದ್ರೆ ಡಿಮೆನ್ಷಿಯಾ ಇದೆ. ಸುಮಾರು 88 ಲಕ್ಷ ಜನ. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ ಜಾಸ್ತಿ, ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ನಾವು 'ಅರವತ್ತಕ್ಕೆ ಅರಳು ಮರಳು' ಅಂತ ನಕ್ಕು ಬಿಟ್ಟುಬಿಡ್ತೀವಲ್ಲ, ಅದರಲ್ಲಿ ಎಷ್ಟೋ ಕಾಯಿಲೆಯೇ ಇರಬಹುದು.

ಸ್ಕ್ಯಾನ್ ಅಂದ್ರೆ ಚಿಕಿತ್ಸೆ ಅಲ್ಲ

ಇಲ್ಲಿ ಒಂದು ತಪ್ಪು ತಿಳುವಳಿಕೆ ಜೋರಾಗಿದೆ. "ಬೆಂಗಳೂರಿಗೆ ಕರ್ಕೊಂಡು ಹೋಗಿ ದೊಡ್ಡ ಮೆಷಿನ್ನಲ್ಲಿ ನೋಡಿದ್ದಾರೆ, ಇನ್ನೇನೂ ತೊಂದ್ರೆ ಇಲ್ಲ" ಅಂತ ಕೆಲವರು ಬಿಪಿ ಮಾತ್ರೆ ಬಿಟ್ಟುಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ.

ಸಂಶೋಧನೆಗೆ ತೆಗೆಯೋ ಸ್ಕ್ಯಾನ್ ಬೇರೆ, ಡಾಕ್ಟರ್ ಬರೆದುಕೊಡೋ ಸ್ಕ್ಯಾನ್ ಬೇರೆ. ಡಾಕ್ಟರ್ ಬರೆದಾಗ ಒಂದು ಪ್ರಶ್ನೆ ಇರುತ್ತೆ: ಗಡ್ಡೆ ಇದೆಯಾ, ರಕ್ತ ಸೋರಿದೆಯಾ? ಸಂಶೋಧನೆಯಲ್ಲಿ ಸಾವಿರಾರು ಜನರ ಚಿತ್ರ ಸೇರಿಸಿ ನೋಡ್ತಾರೆ. ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಅನ್ನೋ ಭಾಗ ವರ್ಷದಿಂದ ವರ್ಷಕ್ಕೆ ಎಷ್ಟು ಸಣ್ಣದಾಯ್ತು, ಬಿಪಿ, ಶುಗರ್‌ನಿಂದ ಚಿಕ್ಕ ರಕ್ತನಾಳಗಳು ಹಾಳಾಗಿ ಬಿಳಿ ಕಲೆ ಎಷ್ಟು ಬಿದ್ದಿದೆ, ಇಂಥದ್ದನ್ನ ಅಳೀತಾರೆ. ಒಬ್ಬರ ಚಿತ್ರದಿಂದ ಅವರಿಗೆ ತಕ್ಷಣ ಉಪಯೋಗ ಆಗದೇ ಇರಬಹುದು. ಹತ್ತು ವರ್ಷದ ನಂತರ ಅವರ ಮೊಮ್ಮಗನಿಗೆ ಆಗಬಹುದು.

ಎಂಆರ್‌ಐ ಬಗ್ಗೆ ಇನ್ನೂ ಎರಡು ಮಾತು, ಯಾಕಂದ್ರೆ ಭಯ ಇದೆ. ಅದರಲ್ಲಿ ಎಕ್ಸ್‌ರೇ ಇಲ್ಲ, ಬರೀ ಅಯಸ್ಕಾಂತ. ಸಂಶೋಧನೆಗೆ ಸಾಮಾನ್ಯವಾಗಿ ಬಳಸೋ 3 ಟೆಸ್ಲಾ ಮೆಷಿನ್ನಿನ ಸೆಳೆತ ಭೂಮಿಯ ಕಾಂತಶಕ್ತಿಗಿಂತ ಹತ್ತಿರ ಹತ್ತಿರ 60,000 ಪಟ್ಟು. ಅದಕ್ಕೇ ಒಳಗೆ ಹೋಗೋ ಮೊದಲು ಲೋಹದ್ದೆಲ್ಲ ತೆಗಿಸ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ತಾಳಿ, ಕಾಲುಂಗುರ ತೆಗೆಯೋದು ಮನಸ್ಸಿಗೆ ಕಷ್ಟ. ಚಿನ್ನ, ಬೆಳ್ಳಿಯನ್ನ ಅಯಸ್ಕಾಂತ ಎಳೆಯಲ್ಲ ನಿಜ, ಆದರೆ ಚಿತ್ರ ಕೆಡುತ್ತೆ, ಲೋಹ ಬಿಸಿಯಾಗೋ ಸಾಧ್ಯತೆ ಇದೆ, ಒಡವೆಯಲ್ಲಿ ಬೇರೆ ಲೋಹ ಎಷ್ಟು ಬೆರೆತಿದೆ ಅಂತ ಗೊತ್ತಿರಲ್ಲ. ಪೇಸ್‌ಮೇಕರ್ ಹಾಕಿಸಿಕೊಂಡವರು, ಕಣ್ಣಲ್ಲೋ ಮೈಯಲ್ಲೋ ಕಬ್ಬಿಣದ ಚೂರು ಸೇರಿರೋ ವೆಲ್ಡಿಂಗ್ ಕೆಲಸದವರು ಮಾತ್ರ ಮರೆಯದೆ ಮೊದಲೇ ಹೇಳಬೇಕು. ಇದು ತಮಾಷೆ ಅಲ್ಲ.

ನಾವು ಕೇಳ್ತಿರೋದು ಸರಿಯಾದ್ದೇನಾ?

ಈಗ ಅಂಗಡಿಯವರ ಪ್ರಶ್ನೆಗೆ ಬರೋಣ. ನಮಗೇನು ಸಿಗುತ್ತೆ?

ನಮ್ಮಲ್ಲಿ ಒಂದು ರೂಢಿ ಇದೆ. ಚುನಾವಣೆ ಬಂದಾಗ, ಸಭೆ ಆದಾಗ, "ತಾಲೂಕು ಆಸ್ಪತ್ರೆಗೆ ಎಂಆರ್‌ಐ ಮೆಷಿನ್ ಕೊಡಿ" ಅಂತ ಮನವಿ ಕೊಡ್ತೀವಿ. ನನ್ನ ಅಭಿಪ್ರಾಯ ಕೇಳಿದ್ರೆ ಇದು ತಪ್ಪು ಬೇಡಿಕೆ. ಬೇಡ ಅಂತಲ್ಲ, ಆದರೆ ಮೊದಲು ಕೇಳಬೇಕಾದ್ದು ಅದಲ್ಲ.

ಎಂಆರ್‌ಐ ಮೆಷಿನ್‌ಗೆ ಕೋಟಿಗಟ್ಟಲೆ ಬೆಲೆ. ಸಾಮಾನ್ಯ ಮೆಷಿನ್ನಿನ ಅಯಸ್ಕಾಂತ ಕೆಲಸ ಮಾಡ್ಬೇಕು ಅಂದ್ರೆ ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಮುಳುಗಿರಬೇಕು, ಹೀಲಿಯಂ ಹೊರದೇಶದಿಂದ ಬರಬೇಕು. ಮೆಷಿನ್ ನಿಂತಿದ್ದಾಗಲೂ ತಣ್ಣಗಿಡೋ ಯಂತ್ರ ಓಡ್ತಾನೇ ಇರಬೇಕು, ಕರೆಂಟ್ ಹೋದ್ರೆ ಕಷ್ಟ. ನಮ್ಮ ತಾಲೂಕಿನ ಕರೆಂಟ್ ಬಗ್ಗೆ ಬರೆಯೋದು ಬೇಡ. ಹೊರಗಿನ ರೇಡಿಯೋ ತರಂಗ ಒಳಗೆ ನುಗ್ಗದ ಹಾಗೆ ಕೋಣೆಗೆ ತಾಮ್ರದ ಹೊದಿಕೆ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೆ ಚಿತ್ರ ಓದಿ ವರದಿ ಬರೆಯೋ ರೇಡಿಯಾಲಜಿಸ್ಟ್ ಬೇಕು. ಆ ತಜ್ಞರು ತಾಲೂಕಿಗೆ ಬರಲ್ಲ. ಬಂದರೂ ನಿಲ್ಲಲ್ಲ. ಕೊನೆಗೆ ಮೆಷಿನ್ ಮೇಲೆ ಬಟ್ಟೆ ಮುಚ್ಚಿ, ಬಾಗಿಲಿಗೆ ಬೀಗ. ಹೀಗೆ ಬೀಗ ಬಿದ್ದ ಉಪಕರಣಗಳ ಸುದ್ದಿ ರಾಜ್ಯದಲ್ಲಿ ಹೊಸದೇನಲ್ಲ.

ನಮಗೆ ನಿಜವಾಗಿ ಬೇಕಿರೋದು ಬೇರೆ. ಅದು ಲಕ್ವದ ವಿಷಯ.

ಲಕ್ವ ಹೊಡೆಯೋದು ಎರಡು ರೀತಿ. ಒಂದು, ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ರಕ್ತ ನಿಲ್ಲೋದು. ಇನ್ನೊಂದು, ನಾಳ ಒಡೆದು ರಕ್ತ ಸೋರೋದು. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ: ಬಾಯಿ ಒಂದು ಕಡೆ ಸೊಟ್ಟ, ಕೈ ಎತ್ತೋಕೆ ಆಗಲ್ಲ, ಮಾತು ತೊದಲುತ್ತೆ. ಹೆಪ್ಪು ಆಗಿದ್ರೆ ಕರಗಿಸೋ ಇಂಜೆಕ್ಷನ್ ಇದೆ, ಆದರೆ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆ ಒಳಗೆ ಕೊಡಬೇಕು. ರಕ್ತ ಸೋರಿರೋರಿಗೆ ಅದೇ ಇಂಜೆಕ್ಷನ್ ಕೊಟ್ರೆ ಪ್ರಾಣಕ್ಕೇ ಅಪಾಯ. ಯಾವುದು ಅಂತ ಖಚಿತವಾಗಿ ಹೇಳೋಕೆ ತಲೆಯ ಸಿಟಿ ಸ್ಕ್ಯಾನ್ ಆಗಲೇಬೇಕು. ಎಂಆರ್‌ಐ ಕೂಡ ಬೇಕಿಲ್ಲ, ಸಾಮಾನ್ಯ ಸಿಟಿ ಸಾಕು. ಮಲಗಿಸಿ ಕೆಲವೇ ನಿಮಿಷದ ಕೆಲಸ.

ಹಾರ್ಟ್ ಅಟ್ಯಾಕ್ ಜೊತೆ ಹೋಲಿಸಿ ನೋಡಿ. ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಂತು. ತಾಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೀತಾರೆ, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ನೋಡಿ ಹೇಳ್ತಾರೆ, ಸಾವಿರಾರು ರೂಪಾಯಿಯ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡ್ತಾರೆ, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸ್ತಾರೆ. ತಜ್ಞ ಊರಿಗೆ ಬರಬೇಕಾಗಿಲ್ಲ, ಅವರ ಕಣ್ಣು ಬಂದ್ರೆ ಸಾಕು ಅನ್ನೋದು ಇದರ ಗುಟ್ಟು. ಹೃದಯಕ್ಕೆ ಇಸಿಜಿ ಸಾಕಾಗುತ್ತೆ, ಆ ಪೆಟ್ಟಿಗೆ ಬ್ಯಾಗಲ್ಲಿ ಹಿಡಿಸುತ್ತೆ. ಮೆದುಳಿಗೆ ಸಿಟಿ ಬೇಕು. ವ್ಯತ್ಯಾಸ ಅಷ್ಟೇ, ಆದರೆ ಆ ಅಷ್ಟೇ ವ್ಯತ್ಯಾಸದಲ್ಲಿ ಮನುಷ್ಯ ಜೀವನ ಪೂರ್ತಿ ಹಾಸಿಗೆ ಹಿಡಿತಾನೆ.

ಈಗ ರಾಯಲ್ಪಾಡು ಹೋಬಳಿಯ ಗಡಿ ಹಳ್ಳಿಯಲ್ಲಿ ರಾತ್ರಿ ಒಂದು ಗಂಟೆಗೆ ಒಬ್ಬರಿಗೆ ಬಾಯಿ ಸೊಟ್ಟಾಯ್ತು ಅಂದುಕೊಳ್ಳಿ. ಮನೆಯವರು ಮೊದಲು ನಿಂಬೆಹಣ್ಣು ನಿವಾಳಿಸ್ತಾರೆ. ಬೆಳಗಾಗಲಿ ನೋಡೋಣ ಅಂತಾರೆ. ಲಕ್ವಕ್ಕೆ ನಾಟಿ ಔಷಧಿ ಕೊಡೋ ಊರಿಗೆ ಕರ್ಕೊಂಡು ಹೋಗೋಣ ಅಂತ ಒಬ್ಬರು ಹೇಳ್ತಾರೆ. ಗಾಡಿ ಸಿಕ್ಕಿ ಶ್ರೀನಿವಾಸಪುರಕ್ಕೆ ಬಂದ್ರೆ ಇಲ್ಲಿಂದ ಕೋಲಾರಕ್ಕೆ, ಕೋಲಾರದಿಂದ ಬೆಂಗಳೂರಿಗೆ. ಹೊಸಕೋಟೆ ದಾಟಿ ಕೆ.ಆರ್. ಪುರದ ಟ್ರಾಫಿಕ್‌ಗೆ ಸಿಕ್ಕೋ ಹೊತ್ತಿಗೆ ಬೆಳಗಾಗಿರುತ್ತೆ. ನಾಲ್ಕೂವರೆ ಗಂಟೆ ಯಾವಾಗಲೋ ಮುಗಿದಿರುತ್ತೆ. ದೊಡ್ಡ ರಕ್ತನಾಳ ಕಟ್ಟಿದ ಲಕ್ವದಲ್ಲಿ ಚಿಕಿತ್ಸೆ ಇಲ್ಲದ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತೆ ಅಂತ ಲೆಕ್ಕ ಹಾಕಿದ್ದಾರೆ. ಟೋಲ್ ಗೇಟ್ ಕ್ಯೂನಲ್ಲಿ ಕಾಯೋ ಐದು ನಿಮಿಷದ ಬೆಲೆ ನೀವೇ ಗುಣಿಸಿ.

ನಮ್ಮ ಮನೆಯಲ್ಲೇ ಇದು ಆಗಿದೆ. ದೊಡ್ಡಪ್ಪನಿಗೆ ಲಕ್ವ ಹೊಡೆದ ದಿನ ಯಾವ ಕಡೆ ಓಡಬೇಕು ಅನ್ನೋದೇ ಯಾರಿಗೂ ಗೊತ್ತಿರಲಿಲ್ಲ. ಎಲ್ಲಿ ರಾತ್ರಿ ಹೊತ್ತು ಸಿಟಿ ಇರುತ್ತೆ, ಎಲ್ಲಿ ವರದಿ ಓದೋರು ಇರ್ತಾರೆ ಅಂತ ಹೇಳೋರು ಇರಲಿಲ್ಲ. ಮೂರು ಕಡೆ ಬಾಗಿಲು ತಟ್ಟಿದ್ವಿ. ನಾಲ್ಕನೇ ಕಡೆ ಸ್ಕ್ಯಾನ್ ಆದಾಗ ಡಾಕ್ಟರ್ ಗಡಿಯಾರ ನೋಡಿ ತಲೆ ಅಲ್ಲಾಡಿಸಿದ್ರು. ಆಮೇಲೆ ಆರು ವರ್ಷ ದೊಡ್ಡಮ್ಮ ಅವರಿಗೆ ಊಟ ಬಾಯಿಗೆ ಇಟ್ರು.

ಹಾಗಾದ್ರೆ ಕೇಳಬೇಕಾದ್ದು

ಮೊದಲನೇದು ಇದೇ. 24 ಗಂಟೆ ಓಡೋ ಸಿಟಿ, ಅದರ ಚಿತ್ರವನ್ನ ಕೂಡಲೇ ದೂರದಿಂದ ಓದೋ ವ್ಯವಸ್ಥೆ, ಇಂಜೆಕ್ಷನ್ ಸ್ಟಾಕ್, ಮತ್ತೆ 108 ಆಂಬುಲೆನ್ಸ್‌ನವರಿಗೆ ನೇರವಾಗಿ ಎಲ್ಲಿಗೆ ಹೋಗಬೇಕು ಅನ್ನೋ ಸೂಚನೆ. ಈ ನಾಲ್ಕರಲ್ಲಿ ಒಂದು ಕೈಕೊಟ್ರೂ ಉಳಿದ ಮೂರು ದಂಡ. ದೂರದಿಂದ ಓದೋದು ಕನಸಿನ ಮಾತಲ್ಲ. ಬೆಂಗಳೂರಿನ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಅನ್ನೋ ಸಂಸ್ಥೆ 2002ರಲ್ಲೇ ಶುರುವಾಗಿ, ಅಮೆರಿಕದ ಆಸ್ಪತ್ರೆಗಳ ರಾತ್ರಿ ಪಾಳಿಯ ಸ್ಕ್ಯಾನ್‌ಗಳನ್ನ ಇಲ್ಲಿ ಹಗಲಲ್ಲಿ ಕೂತು ಓದಿ ವರದಿ ಕಳಿಸ್ತಾ ಬಂದಿದೆ. ಅಮೆರಿಕದ ಮಧ್ಯರಾತ್ರಿ ಸ್ಕ್ಯಾನ್ ಬೆಂಗಳೂರಲ್ಲಿ ಓದಬಹುದು ಅಂದ್ರೆ, ಕೋಲಾರದ ಮಧ್ಯರಾತ್ರಿ ಸ್ಕ್ಯಾನ್ ಓದೋಕೆ ಏನು ಅಡ್ಡಿ? ಯಂತ್ರದ ಅಡ್ಡಿ ಅಲ್ಲ. ದುಡ್ಡು ಕೊಡೋರು ಯಾರು, ಹೊಣೆ ಯಾರದು ಅನ್ನೋದು ಬರೆದು ಸಹಿ ಆಗಬೇಕು, ಅಷ್ಟೇ.

ವಿಜ್ಞಾನ ಸಂಸ್ಥೆ ಇಲ್ಲಿ ಏನು ಮಾಡಬಹುದು? ಸಿಟಿ ಇಡೋದು ಅವರ ಕೆಲಸ ಅಲ್ಲ, ಅದು ಸರ್ಕಾರದ ಕೆಲಸ. ಆದರೆ ಸ್ಕ್ಯಾನ್ ಚಿತ್ರವನ್ನ ಕಂಪ್ಯೂಟರ್ ತಾನೇ ಓದಿ 'ಇದರಲ್ಲಿ ರಕ್ತ ಕಾಣ್ತಿದೆ, ಬೇಗ ನೋಡಿ' ಅಂತ ಎಚ್ಚರಿಸೋ ತಂತ್ರಾಂಶಗಳ ಕಾಲ ಇದು. ಇಂಥದ್ದನ್ನ ನಮ್ಮ ಜನರ ಚಿತ್ರ ಇಟ್ಟುಕೊಂಡು ಕಲಿಸಿದ್ರೆ, ಮೊದಲ ಪ್ರಯೋಗ ನಮ್ಮ ಜಿಲ್ಲೆಯಲ್ಲೇ ಆಗಲಿ ಅಂತ ಕೇಳೋ ಹಕ್ಕು ನಮಗಿದೆ. ತಲೆ ಕೊಟ್ಟವರು ನಾವು.

ಎರಡನೇದು, ವರದಿ. ಸ್ಕ್ಯಾನ್‌ನಲ್ಲಿ ಅಚಾನಕ್ಕಾಗಿ ಗಡ್ಡೆಯೋ, ಊದಿದ ರಕ್ತನಾಳವೋ ಕಂಡ್ರೆ ಏನು ಮಾಡ್ತಾರೆ? ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಸಂಶೋಧನೆಯಲ್ಲಿ ಪಾಲ್ಗೊಳ್ಳೋರಿಗೆ ಮೊದಲೇ ಅವರ ಭಾಷೆಯಲ್ಲಿ ಎಲ್ಲಾ ತಿಳಿಸಿ ಒಪ್ಪಿಗೆ ತಗೋಬೇಕು, ಯಾವಾಗ ಬೇಕಾದ್ರೂ ಬಿಟ್ಟು ಹೋಗೋ ಹಕ್ಕಿದೆ, ಬಿಟ್ರೆ ಮಾಮೂಲಿ ಚಿಕಿತ್ಸೆಗೆ ತೊಂದ್ರೆ ಮಾಡೋ ಹಾಗಿಲ್ಲ, ಸಂಶೋಧನೆಗೆ ಅಂತ ಮಾಡೋ ಪರೀಕ್ಷೆಗೆ ಅವರಿಂದ ದುಡ್ಡು ತಗೋಬಾರದು. ಓಡಾಟದ ಖರ್ಚು, ಕೂಲಿ ನಷ್ಟ ತುಂಬಿಕೊಡೋಕೂ ಅವಕಾಶ ಇದೆ. ಇದು ಯಾರ ಉಪಕಾರವೂ ಅಲ್ಲ, ನಿಯಮ. ಸಹಿ ಹಾಕೋ ಮುಂಚೆ ಕೇಳಿ: ನನ್ನ ಸ್ಕ್ಯಾನ್‌ನಲ್ಲಿ ಏನಾದ್ರೂ ಕಂಡ್ರೆ ನನಗೆ ಹೇಳ್ತೀರಾ? ಯಾರು ಹೇಳ್ತಾರೆ, ಯಾವ ಆಸ್ಪತ್ರೆಗೆ ಕಳಿಸ್ತೀರಾ? ಓದೋಕೆ ಬರದಿದ್ರೆ ಮಗನನ್ನೋ ಸೊಸೆಯನ್ನೋ ಜೊತೆಗೆ ಕೂರಿಸಿಕೊಳ್ಳಿ. ತೆಲುಗಿನಲ್ಲಿ ಹೇಳಿ ಅಂತ ಕೇಳೋಕೂ ಸಂಕೋಚ ಬೇಡ.

ಕಳಿಸೋ ಜಾಗ ಹತ್ತಿರದಲ್ಲೇ ಇರಬೇಕು ಅನ್ನೋದು ಮುಖ್ಯ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರು ಮಾಡಿದ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯ ಮೊದಲ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ವು. ಫಿಟ್ಸ್, ಲಕ್ವ, ತಲೆನೋವು, ಮರೆವು ಇವಕ್ಕೆ ಜಿಲ್ಲಾ ಆಸ್ಪತ್ರೆಯಲ್ಲೇ ಮೆದುಳು ಆರೋಗ್ಯ ಕ್ಲಿನಿಕ್, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್‌ಗಳಿಗೆ ತರಬೇತಿ, ಇದು ಅದರ ಉದ್ದೇಶ. ಈ ಯೋಜನೆಯ ಹೆಸರು ಕೇಳಿದವರು ನಮ್ಮಲ್ಲಿ ಬೆರಳೆಣಿಕೆ. ಒಂದು ಕಡೆ ಬೆಂಗಳೂರಿನ ಸಂಶೋಧನೆ ನಮ್ಮ ತಾಲೂಕಿಗೆ ಬಂದಿದೆ, ಇನ್ನೊಂದು ಕಡೆ ಬೆಂಗಳೂರಿನ ಚಿಕಿತ್ಸೆಯ ಯೋಜನೆ ನಮ್ಮ ಜಿಲ್ಲೆಗೆ ಬಂದಿದೆ. ಇವೆರಡನ್ನ ಜೋಡಿಸಿದ್ರೆ ನಮಗೇನು ಸಿಗುತ್ತೆ ಅನ್ನೋ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ.

ಮೂರನೇದು, ಮಾಹಿತಿ. ಸ್ಕ್ಯಾನ್ ಚಿತ್ರ, ರಕ್ತದ ಮಾಹಿತಿ, ವಂಶವಾಹಿ ವಿವರ ಎಲ್ಲಿರುತ್ತೆ, ಯಾರು ನೋಡ್ತಾರೆ? ಇದೇ ಮೆದುಳು ಕೇಂದ್ರದ ಮುಂದಾಳತ್ವದಲ್ಲಿ ದೇಶದ 10,000 ಜನರ ವಂಶವಾಹಿ ಓದೋ ಜಿನೋಮ್ ಇಂಡಿಯಾ ಯೋಜನೆ ನಡೀತು. ಅದರ ಮಾಹಿತಿ ಫರಿದಾಬಾದಿನ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿದೆ, 2025ರ ಜನವರಿಯಲ್ಲಿ ಸಂಶೋಧಕರಿಗೆ ಷರತ್ತಿನ ಮೇಲೆ ತೆರೆದಿದ್ದಾರೆ. ಹೆಸರು, ಊರು ತೆಗೆದು ಮಾಹಿತಿ ಕೊಡೋದು ಇಂಥ ಕಡೆ ರೂಢಿ. ಆದರೂ ತಲೆಯ ಎಂಆರ್‌ಐನಲ್ಲಿ ಮುಖದ ಆಕಾರವೂ ಬಂದುಬಿಡುತ್ತೆ, ಅದಕ್ಕೇ ಹಂಚೋ ಮುಂಚೆ ಮುಖದ ಭಾಗ ಅಳಿಸೋ ಪದ್ಧತಿ ಇದೆ. ಅಳಿಸ್ತೀರಾ ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ಮುಂದೆ ಯಾವುದಾದ್ರೂ ಕಂಪನಿ ಈ ಚಿತ್ರಗಳಿಂದ ತಂತ್ರಾಂಶ ಮಾಡಿ ಮಾರಿದ್ರೆ ತಾಲೂಕಿಗೆ ಏನು ಅಂತಲೂ ಕೇಳಿ. 1971ರ ಕಥೆ ಮೇಲೆ ಹೇಳಿದ್ದು ಇದಕ್ಕೇ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು ಹೇಳದಿದ್ರೆ ಓದುಗರಿಗೆ ಮೋಸ ಮಾಡಿದ ಹಾಗಾಗುತ್ತೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ತಂಡ ಮರೆವಿನ ಕಾಯಿಲೆಗೆ ಕಾರಣವಾಗೋ, ಆದರೆ ನಾವು ಬದಲಾಯಿಸಬಹುದಾದ 14 ಅಂಶಗಳನ್ನ ಪಟ್ಟಿ ಮಾಡಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಬೀಡಿ ಸಿಗರೇಟು, ಕುಡಿತ, ಕಿವಿ ಕೇಳದಿರೋದು, ಕಣ್ಣು ಕಾಣದಿರೋದು, ಒಂಟಿತನ, ಚಿಕ್ಕಂದಿನಲ್ಲಿ ಓದದಿರೋದು ಅದರಲ್ಲಿ ಸೇರಿವೆ. ಇವೆಲ್ಲ ಸರಿ ಮಾಡಿದ್ರೆ ಪ್ರಪಂಚದಲ್ಲಿ ಶೇ 45ರಷ್ಟು ಮರೆವಿನ ಕಾಯಿಲೆ ತಡೆಯಬಹುದು ಇಲ್ಲ ಮುಂದೂಡಬಹುದು ಅನ್ನೋದು ಅವರ ಅಂದಾಜು. ಆ ಪಟ್ಟಿಯಲ್ಲಿ ಒಂದಕ್ಕೂ ಕೋಟಿ ರೂಪಾಯಿ ಮೆಷಿನ್ ಬೇಕಿಲ್ಲ. ಬಿಪಿ ನೋಡೋ ಪಟ್ಟಿ, ಕಣ್ಣಿನ ಪೊರೆ ಆಪರೇಷನ್, ಕಿವಿ ಮೆಷಿನ್, ಆಶಾ ಕಾರ್ಯಕರ್ತೆ ತಿಂಗಳು ತಿಂಗಳು ತಂದುಕೊಡೋ ಮಾತ್ರೆ, ಇಷ್ಟು ಸಾಕು. ಅಂಗಡಿ ಗಲ್ಲಾದಲ್ಲಿ ಬೆಳಗಿಂದ ರಾತ್ರಿವರೆಗೆ ಕೂತೇ ಇರೋ ನಮ್ಮ ವ್ಯಾಪಾರಸ್ಥರು ಕೊನೇ ಸಲ ಬಿಪಿ ನೋಡಿಸಿದ್ದು ಯಾವಾಗ ಅಂತ ಅವರೇ ನೆನಪು ಮಾಡಿಕೊಳ್ಳಲಿ.

ಹಾಗಂತ ಬೆಂಗಳೂರಿನ ಸ್ಕ್ಯಾನರ್ ವ್ಯರ್ಥ ಅಂತಲ್ಲ. ಯಾವ ಅಂಶ ನಮ್ಮ ಹಳ್ಳಿಯವರಿಗೆ ಹೆಚ್ಚು ಕೆಡುಕು ಮಾಡ್ತಿದೆ, ಎಷ್ಟನೇ ವಯಸ್ಸಿಗೆ ಶುರುವಾಗುತ್ತೆ ಅಂತ ಆ ಚಿತ್ರಗಳೇ ಹೇಳಬೇಕು. ಲಂಡನ್ ಲೆಕ್ಕ ತಂದು ರಾಯಲ್ಪಾಡಿಗೆ ಹಚ್ಚೋಕೆ ಆಗಲ್ಲ. ಕರೆದ್ರೆ ಹೋಗಿ, ಸ್ಕ್ಯಾನ್ ಮಾಡಿಸಿಕೊಳ್ಳಿ ಅಂತಲೇ ನಾವು ಹೇಳೋದು.

ಅಂಗಡಿಯವರಿಗೆ ಇಷ್ಟನ್ನೂ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಸಕ್ಕರೆ ತೂಗ್ತಾ, "ಸರಿ ಸಾರ್, ರಾತ್ರಿ ಹೊತ್ತು ಸಿಟಿ ಎಲ್ಲಿ ಸಿಗುತ್ತೆ, ಅದರ ನಂಬರ್ ಒಂದು ಬರೆದುಕೊಡಿ, ಕ್ಯಾಲೆಂಡರ್ ಪಕ್ಕ ಅಂಟಿಸ್ತೀನಿ" ಅಂದ್ರು. ಆ ನಂಬರ್ ಎಲ್ಲಾ ಅಂಗಡಿ, ಗ್ರಾಮ ಪಂಚಾಯಿತಿ, ಹಾಲಿನ ಡೈರಿ ಗೋಡೆ ಮೇಲೆ ಬರೆಸೋದು ಆರೋಗ್ಯ ಇಲಾಖೆ ಕೆಲಸ. ಮುಂದಿನ ಕೆಡಿಪಿ ಸಭೆಯಲ್ಲಿ ಎಂಆರ್‌ಐ ಮನವಿ ಹಿಡ್ಕೊಂಡು ಹೋಗೋ ಸದಸ್ಯರು ಈ ಸಲ ಅದರ ಬದಲು ತಾಲೂಕು ಆರೋಗ್ಯಾಧಿಕಾರಿಯನ್ನ ಇದೊಂದು ಕೇಳಲಿ: ರಾತ್ರಿ ಒಂದು ಗಂಟೆಗೆ ಲಕ್ವ ಹೊಡೆದವರನ್ನ ಆಂಬುಲೆನ್ಸ್ ಎಲ್ಲಿಗೆ ಕರ್ಕೊಂಡು ಹೋಗುತ್ತೆ, ಅಲ್ಲಿ ಆ ಹೊತ್ತಲ್ಲಿ ಸ್ಕ್ಯಾನ್ ಓದೋರು ಯಾರು? ಉತ್ತರ ಬಂದ ದಿನ ಇಲ್ಲೇ ಪ್ರಕಟಿಸ್ತೀವಿ.